ಜಾಯಿಂಟ್ ಎಷ್ಟು ಸರಿಯಿತು? ಉತ್ತರ ಹೊರತೆಗೆಯಲು ಯಾವ ದಾರಿ ಹಿಡಿಯಬೇಕು

ಕಟ್ಟಡದ ಮಾಡೆಲ್ ಲೆಕ್ಕದ ಸಾಫ್ಟ್‌ವೇರಿನಲ್ಲಿ ರನ್ ಆಯಿತು. ಎರರ್ ಇಲ್ಲ. ಇನ್ನು ತಿಳಿಯಬೇಕಾದದ್ದು ಇಷ್ಟೇ: ಯಾವ ಜಾಯಿಂಟು (ಕಂಬ, ಬೀಮ್ ಸೇರುವ ಬಿಂದು), ಯಾವ ಲೋಡಿಗೆ, ಎಷ್ಟು ಸರಿಯಿತು? ಪ್ರಶ್ನೆ ಸಣ್ಣದು. ಉತ್ತರ ತೆಗೆಯುವ ದಾರಿ ಮಾತ್ರ ನಾಲ್ಕೈದು ಇವೆ. ಪರದೆಯ ಮೇಲೆ ರೈಟ್ ಕ್ಲಿಕ್ ಮಾಡಬಹುದು. ಟೇಬಲ್ ತೆರೆದು ಎಕ್ಸೆಲ್‌ಗೆ ಹಾಕಬಹುದು. ಔಟ್‌ಪುಟ್ ಫೈಲ್ ಓದಬಹುದು. ಎಪಿಐ, ಅಂದರೆ ಹೊರಗಿನ ಕೋಡಿನಿಂದ ಸಾಫ್ಟ್‌ವೇರನ್ನು ಮಾತಾಡಿಸುವ ವ್ಯವಸ್ಥೆ, ಅದರ ಮೂಲಕ ಪ್ರೋಗ್ರಾಂ ಬರೆದು ಎಳೆಯಬಹುದು. ಇಲ್ಲಾಂದ್ರೆ ಓಪನ್‌ಸೀಸ್‌ನಂಥ ಉಚಿತ ಸಾಧನದಲ್ಲಿ ಮೊದಲಿಂದಲೇ ಕೋಡ್ ಬರೆದು ಲೆಕ್ಕ ಮಾಡಬಹುದು.

ಕಾಸರಗೋಡಿನಿಂದ ಮಂಜೇಶ್ವರದವರೆಗಿನ ನಮ್ಮಂಥ ಸಣ್ಣ ಆಫೀಸುಗಳಿಗೆ ಬರುವ ಕೆಲಸ ಎಂಥದ್ದು ಅಂತ ನಿಮಗೂ ಗೊತ್ತು. ಹೆದ್ದಾರಿ 66ರ ಬದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಫ್ಲಾಟ್ ಇರುವ ನಾಲ್ಕೈದು ಮಹಡಿ. ಬದಿಯಡ್ಕ, ಮುಳ್ಳೇರಿಯ ಕಡೆ ಅಡಿಕೆ ಒಣಗಿಸಲು ಸ್ಟೀಲ್ ಶೆಡ್ಡು. ಹಳೇ ಟೆರೇಸಿನ ಮೇಲೆ ಶೀಟಿನ ಮಾಡು. ಆಗೊಮ್ಮೆ ಈಗೊಮ್ಮೆ ಶಾಲೆ, ಮದುವೆ ಹಾಲ್. ಐವತ್ತು ಮಹಡಿ ಯಾರೂ ಕಟ್ಟಿಸುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ಕೆಲಸದಲ್ಲಿ ಹೆಚ್ಚಿನದಕ್ಕೆ ಟೇಬಲ್ ಸಾಕು. ಮಾಡೆಲ್ ಪದೇ ಪದೇ ಬದಲಾಗುತ್ತದೆ ಅಂತ ಗೊತ್ತಿದ್ದರೆ ಮಾತ್ರ ಎಪಿಐ. ಇನ್ನು ರೈಟ್ ಕ್ಲಿಕ್ ಮಾಡಿ ನೋಡುವುದನ್ನು ಎರಡರಲ್ಲೂ ಬಿಡಬಾರದು.

ಮೊದಲು, ಸಂಖ್ಯೆ ಯಾಕೆ ಬೇಕು?

ದಾರಿ ಆರಿಸುವ ಮೊದಲು ಇದನ್ನು ಕೇಳಿಕೊಳ್ಳಿ. ಯಾಕಂದ್ರೆ ಒಂದೊಂದು ಪರೀಕ್ಷೆಗೆ ಒಂದೊಂದು ಥರದ ಸರಿತ ಬೇಕು.

ಭೂಕಂಪದ ಡ್ರಿಫ್ಟ್ ನೋಡಬೇಕಾದರೆ ಎರಡು ಮಹಡಿಗಳ ನಡುವಿನ ಸರಿತದ ವ್ಯತ್ಯಾಸ ಬೇಕು. ಭೂಕಂಪಕ್ಕೆ ಇರುವ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಇದರ ಮಿತಿ ಮಹಡಿಯ ಎತ್ತರದ 0.004 ಪಟ್ಟು. 3.2 ಮೀಟರ್ ಎತ್ತರದ ಮಹಡಿಗೆ 12.8 ಮಿಲಿಮೀಟರ್. ಅದೇ ಆವೃತ್ತಿಯಲ್ಲಿ ಕೇರಳ ಪೂರ್ತಿ ಭೂಕಂಪದ ವಲಯ 3ರಲ್ಲಿದೆ. ಹಾಗಾಗಿ ಇಲ್ಲಿ ಈ ಲೆಕ್ಕವನ್ನು ಸುಮ್ನೆ ಹಾರಿಸುವ ಹಾಗಿಲ್ಲ.

ಗಾಳಿಗೆ ಕಾಂಕ್ರೀಟ್ ಕಟ್ಟಡದ ತುದಿ ಎಷ್ಟು ವಾಲುತ್ತದೆ ಅಂತ ನೋಡಬೇಕಾದರೆ ಮೇಲಿನ ಒಂದು ಜಾಯಿಂಟ್ ಸಾಕು. ಕಾಂಕ್ರೀಟಿನ ಮಾನಕ ಐಎಸ್ 456 ಹೇಳುವುದು ಒಟ್ಟು ಎತ್ತರದ 500ರಲ್ಲಿ ಒಂದು ಭಾಗ. 16 ಮೀಟರ್ ಕಟ್ಟಡಕ್ಕೆ 32 ಮಿಲಿಮೀಟರ್. ಮಂಗಳೂರಿಗೂ ಕೋಝಿಕ್ಕೋಡಿಗೂ ಗಾಳಿಯ ಮೂಲವೇಗ ಸೆಕೆಂಡಿಗೆ 39 ಮೀಟರ್. ನಡುವೆ ಇರುವ ನಮಗೂ ಅದೇ.

ಸ್ಟೀಲ್ ಶೆಡ್ಡಿಗೆ ಮಾನಕವೇ ಬೇರೆ, ಐಎಸ್ 800. 6 ಮೀಟರ್ ಎತ್ತರದ ಕಂಬ ಅಂದುಕೊಳ್ಳಿ. ಸುತ್ತಲೂ ಬರೀ ಶೀಟ್ ಇದ್ದರೆ 150ರಲ್ಲಿ ಒಂದು ಭಾಗ, ಅಂದರೆ 40 ಮಿಲಿಮೀಟರ್ ಸರಿಯಬಹುದು. ಅದೇ ಕಂಬಗಳ ನಡುವೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಕಟ್ಟಿದರೆ 240ರಲ್ಲಿ ಒಂದು ಭಾಗ, ಬರೀ 25 ಮಿಲಿಮೀಟರ್. ನಮ್ಮ ಕಡೆ ಶೆಡ್ಡು ಆದ ಮೇಲೆ ಅರ್ಧ ಎತ್ತರಕ್ಕೆ ಮುರಕಲ್ಲು ಕಟ್ಟುವುದು ಮಾಮೂಲಿ. ಡ್ರಾಯಿಂಗ್‌ನಲ್ಲಿ ಶೀಟ್ ಮಾತ್ರ ಇರುತ್ತದೆ, ಎರಡನೇ ವರ್ಷ ಗೋಡೆ ಬರುತ್ತದೆ. ಅದಕ್ಕೆ ನಾನು ಮೊದಲಿನಿಂದಲೇ 25 ಹಿಡಿಯುತ್ತೇನೆ.

ಇನ್ನೊಂದು ಇದೆ, ಕಟ್ಟಡ ತಿರುಚುತ್ತದಾ ಅಂತ ನೋಡುವುದು. ಮೆಟ್ಟಿಲು, ಲಿಫ್ಟು ಎಲ್ಲ ಒಂದೇ ಮೂಲೆಯಲ್ಲಿರುವ ಸೈಟುಗಳಿಗೆ ಇದು ಬೇಕೇ ಬೇಕು. ಅದಕ್ಕೆ ಒಂದೇ ಮಹಡಿಯ ಎರಡು ತುದಿಯ ಜಾಯಿಂಟ್‌ಗಳು ಬೇಕು.

ಪರದೆಯ ಮೇಲೆ ನೋಡುವುದು

ಸಾಫ್ಟ್‌ವೇರ್ ಈಟ್ಯಾಬ್ಸ್ ಆಗಲಿ ಸ್ಯಾಪ್2000 ಆಗಲಿ, ಎಫ್6 ಒತ್ತಿದರೆ ಬಾಗಿದ ಆಕಾರ ಬರುತ್ತದೆ. ಜಾಯಿಂಟ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೂರು ಸರಿತ, ಮೂರು ತಿರುಗು, ಒಟ್ಟು ಆರು ಸಂಖ್ಯೆ ಕಾಣುತ್ತದೆ. ಇನ್ನೊಂದು ಸಾಫ್ಟ್‌ವೇರ್ ಸ್ಟ್ಯಾಡ್ ಪ್ರೊದಲ್ಲಿ ಪೋಸ್ಟ್ ಪ್ರೊಸೆಸಿಂಗ್‌ಗೆ ಹೋಗಿ ಡಿಸ್‌ಪ್ಲೇಸ್‌ಮೆಂಟ್ ಪುಟ ತೆರೆದರೆ ಸರಿ.

ವರದಿಗೆ ಇದು ಸಾಲದು. ಆದರೆ ಬೇರೆ ಯಾವ ದಾರಿಯೂ ಕೊಡದ ಒಂದು ಸಂಗತಿ ಇಲ್ಲಿದೆ: ಆಕಾರ. ಒಂದು ಬೀಮ್ ಕಂಬಕ್ಕೆ ಸೇರಿಯೇ ಇಲ್ಲದಿದ್ದರೆ ಅದು ಗಾಳಿಪಟದ ಹಾಗೆ ಹಾರಿಹೋಗಿದ್ದು ಇಲ್ಲಿ ತಕ್ಷಣ ಗೊತ್ತಾಗುತ್ತದೆ. ಟೇಬಲ್‌ನಲ್ಲಿ ಅದು ನೂರಾರು ಸಾಲುಗಳ ನಡುವೆ ಒಂದು ದೊಡ್ಡ ಸಂಖ್ಯೆ, ಅಷ್ಟೇ. ಆನಿಮೇಷನ್ ಹಾಕಿ ಒಮ್ಮೆ ನೋಡಿ. ಮೊದಲ ಮೋಡ್‌ನಲ್ಲೇ (ಮೋಡ್ ಅಂದರೆ ಕಟ್ಟಡ ಅಲುಗುವ ಒಂದು ರೀತಿ) ಕಟ್ಟಡ ತಿರುಚುತ್ತಿದ್ದರೆ ಸಂಖ್ಯೆ ತೆಗೆಯುವ ಮೊದಲು ಕಂಬಗಳ ಜಾಗ ಬದಲಿಸುವ ಮಾತಾಡಬೇಕು.

ಟೇಬಲ್: ಹೆಚ್ಚಿನವರಿಗೆ ಇದೇ ಸರಿ

ಕಂಟ್ರೋಲ್ ಮತ್ತು ಟಿ ಒತ್ತಿದರೆ ಟೇಬಲ್‌ಗಳ ಪಟ್ಟಿ. ಅದರಲ್ಲಿ ಜಾಯಿಂಟ್ ಡಿಸ್‌ಪ್ಲೇಸ್‌ಮೆಂಟ್ಸ್. ಎಕ್ಸೆಲ್‌ಗೆ ಕಳಿಸಬಹುದು. ಸುಲಭ ಅಲ್ವಾ? ಸುಲಭವೇ. ಆದರೆ ಎಲ್ಲ ಟಿಕ್ ಹಾಕಿ ಕಳಿಸಿದರೆ ಏನಾಗುತ್ತದೆ ನೋಡಿ. ಮಹಡಿಗೆ 40 ಜಾಯಿಂಟ್, ಆರು ಮಟ್ಟ, ಒಟ್ಟು 240. ಲೋಡುಗಳನ್ನು ಸೇರಿಸಿ ಮಾಡಿದ ಕಾಂಬಿನೇಷನ್ 25. ಅಲ್ಲಿಗೆ 6000 ಸಾಲು. ಹೆಚ್ಚು, ಕಡಿಮೆ ಎರಡನ್ನೂ ಹಿಡಿಯುವ ಎನ್ವಲಪ್ ಆಗಿದ್ದರೆ ಪ್ರತಿಯೊಂದಕ್ಕೂ ಮ್ಯಾಕ್ಸ್, ಮಿನ್ ಅಂತ ಎರಡೆರಡು. ಈಟ್ಯಾಬ್ಸ್‌ನಲ್ಲಿ ಸ್ಲ್ಯಾಬ್ ಮೆಶ್ ಆಗಿದ್ದರೆ (ಸಣ್ಣ ತುಂಡುಗಳಾಗಿ ಒಡೆದಿದ್ದರೆ) ನೀವು ಹಾಕದ ಜಾಯಿಂಟ್‌ಗಳೂ ಸೇರಿಕೊಳ್ಳಬಹುದು. ಆಮೇಲೆ ಚಾಲಿ ಅಡಿಕೆಯ ರಾಶಿಯಿಂದ ಪಟೋರ, ಉಳ್ಳಿ, ಕೋಕ ಬೇರೆ ಮಾಡಿದ ಹಾಗೆ ಕೂತು ಹೆಕ್ಕಬೇಕು.

ಹೆಕ್ಕುವ ಕೆಲಸವನ್ನು ಮೊದಲೇ ಮುಗಿಸಿ. ಬೇಕಾದ ಜಾಯಿಂಟ್‌ಗಳಿಗೆ ಒಂದು ಗ್ರೂಪ್ ಮಾಡಿ. ನಾಲ್ಕು ಮೂಲೆಯ ಕಂಬಗಳು, ಎಲ್ಲ ಮಹಡಿಯಲ್ಲೂ. ಟೇಬಲ್ ತೆರೆಯುವ ಮೊದಲು ಆ ಗ್ರೂಪ್ ಸೆಲೆಕ್ಟ್ ಮಾಡಿ. ಲೋಡ್ ಕೇಸ್‌ಗಳಲ್ಲಿ ಬೇಕಾದ ಎರಡು ಮೂರಕ್ಕೆ ಮಾತ್ರ ಟಿಕ್ ಹಾಕಿ. 6000 ಸಾಲು ನೂರರ ಒಳಗೆ ಬರುತ್ತದೆ.

ಹೆಸರಿನ ವಿಷಯದಲ್ಲಿ ಈಟ್ಯಾಬ್ಸ್ ಸ್ವಲ್ಪ ತಲೆ ತಿನ್ನುತ್ತದೆ. ಅಲ್ಲಿ ಪ್ರತಿ ಜಾಯಿಂಟ್‌ಗೂ ಲೇಬಲ್ ಬೇರೆ, ಯುನೀಕ್ ನೇಮ್ ಬೇರೆ. ಒಂದೇ ಕಂಬದ ಮೇಲಿನ ಜಾಯಿಂಟ್‌ಗಳಿಗೆ ಎಲ್ಲ ಮಹಡಿಯಲ್ಲೂ ಲೇಬಲ್ ಒಂದೇ ಇರುತ್ತದೆ. ಯುನೀಕ್ ನೇಮ್ ಮಾತ್ರ ಮಹಡಿ ಮಹಡಿಗೆ ಬೇರೆ. ಎಕ್ಸೆಲ್‌ನಲ್ಲಿ ವಿಲುಕಪ್ ಹಾಕುವಾಗ ಬರೀ ಲೇಬಲ್ ಹಿಡಿದು ಹುಡುಕಿದರೆ ಮೊದಲು ಸಿಕ್ಕಿದ ಮಹಡಿಯ ಸಂಖ್ಯೆಯೇ ಎಲ್ಲ ಕಡೆ ಬಂದು ಕೂರುತ್ತದೆ. ಸ್ಟೋರಿ ಮತ್ತು ಲೇಬಲ್ ಎರಡನ್ನೂ ಸೇರಿಸಿ ಹುಡುಕಿ. ಸ್ಯಾಪ್2000ದಲ್ಲಿ ಈ ಗೋಜಿಲ್ಲ. ಅಲ್ಲಿ ಒಂದು ಜಾಯಿಂಟ್‌ಗೆ ಒಂದೇ ಹೆಸರು.

ಎಕ್ಸೆಲ್‌ಗೆ ಬಂದ ಹಾಳೆಯಲ್ಲಿ ಮೊದಲ ಸಾಲು ಟೇಬಲ್ ಹೆಸರು, ಎರಡನೆಯದು ಕಾಲಂ ಹೆಸರು, ಮೂರನೆಯದು ಯೂನಿಟ್. ಪಿವಟ್ ಟೇಬಲ್ ಮಾಡುವಾಗ ಮೂರನೇ ಸಾಲು ಅಡ್ಡ ಬರುತ್ತದೆ. ಅಳಿಸಬೇಕು. ಆದರೆ ಅಳಿಸುವ ಮೊದಲು ಆ ಯೂನಿಟ್ ಎಲ್ಲಾದರೂ ಬರೆದಿಡಿ. ಮೀಟರ್‌ನಲ್ಲಿದ್ದರೆ 0.0128, ಮಿಲಿಮೀಟರ್‌ನಲ್ಲಿದ್ದರೆ 12.8. ಮೀಟರ್‌ನಲ್ಲಿ ಕಳಿಸಿದಾಗ ಎಕ್ಸೆಲ್‌ನ ಸೆಲ್ ಎರಡು ದಶಮಾಂಶ ಮಾತ್ರ ತೋರಿಸುತ್ತಿದ್ದರೆ ಎಲ್ಲ ಜಾಯಿಂಟ್‌ಗಳೂ 0.01 ಅಂತಲೇ ಕಾಣುತ್ತವೆ.

ಸ್ಯಾಪ್2000ದಲ್ಲಿ ಜಾಸ್ತಿ ಜನ ಗಮನಿಸದ ಒಂದು ಸೌಲಭ್ಯ ಇದೆ. ಅನಾಲಿಸಿಸ್ ಆಪ್ಷನ್ಸ್ ಪೆಟ್ಟಿಗೆಯಲ್ಲಿ, ರನ್ ಮುಗಿದ ಕೂಡಲೇ ಟೇಬಲ್‌ಗಳನ್ನು ತಾನಾಗಿಯೇ ಫೈಲಿಗೆ ಉಳಿಸು ಅಂತ ಹೇಳಬಹುದು. ಯಾವ ಟೇಬಲ್‌ಗಳು ಅಂತ ಮೊದಲೇ ಒಂದು ಹೆಸರಿನಲ್ಲಿ ಸೇವ್ ಮಾಡಿಟ್ಟಿರಬೇಕು, ಯಾವ ಗ್ರೂಪ್ ಅಂತಲೂ ಹೇಳಬಹುದು. ಕೋಡ್ ಬರೆಯಲು ಇಷ್ಟವಿಲ್ಲದವರಿಗೆ ಇದು ಟೇಬಲ್‌ಗೂ ಎಪಿಐಗೂ ನಡುವಿನ ದಾರಿ. ಮಳೆಗಾಲದಲ್ಲಿ ಕರೆಂಟು ಕೈಕೊಡುವ ನಮ್ಮ ಊರಿಗಂತೂ ಒಳ್ಳೆಯದು. ರನ್ ಮುಗಿದದ್ದೇ ಫಲಿತಾಂಶ ಬೇರೆ ಫೈಲಿನಲ್ಲಿ ಕೂತಿರುತ್ತದೆ.

ರೆಸ್ಪಾನ್ಸ್ ಸ್ಪೆಕ್ಟ್ರಮ್ ಟೇಬಲ್‌ನಲ್ಲಿ ಕಳೆಯಬೇಡಿ

ಇದೊಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕಂದ್ರೆ ಟೇಬಲ್ ದಾರಿ ಹಿಡಿದವರು ಎಡವುವುದು ಹೆಚ್ಚಾಗಿ ಇಲ್ಲೇ. ಎಪಿಐ ಹಿಡಿದವರೂ ಎಡವುತ್ತಾರೆ, ಇನ್ನೂ ವೇಗವಾಗಿ.

ರೆಸ್ಪಾನ್ಸ್ ಸ್ಪೆಕ್ಟ್ರಮ್ ಅಂದರೆ ಭೂಕಂಪಕ್ಕೆ ಮಾಡುವ ಒಂದು ಬಗೆಯ ಲೆಕ್ಕ. ಆ ಕೇಸಿನಲ್ಲಿ ಪ್ರತಿ ಮೋಡ್‌ನ ಸರಿತವನ್ನು ಬೇರೆ ಬೇರೆ ಲೆಕ್ಕ ಮಾಡಿ, ಆಮೇಲೆ ಎಸ್‌ಆರ್‌ಎಸ್‌ಎಸ್ ಅಥವಾ ಸಿಕ್ಯೂಸಿ ಎಂಬ ವಿಧಾನದಿಂದ ಒಟ್ಟು ಸೇರಿಸುತ್ತಾರೆ. ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುವ ಲೆಕ್ಕ. ಅದರಲ್ಲಿ ಚಿಹ್ನೆ ಕಳೆದುಹೋಗುತ್ತದೆ. ಟೇಬಲ್‌ನಲ್ಲಿ ಬರುವುದೆಲ್ಲ ಪ್ಲಸ್.

ಒಂದು ಕಾಲ್ಪನಿಕ ಲೆಕ್ಕ ತಗೊಳ್ಳಿ. ಎರಡು ಮೋಡ್ ಮಾತ್ರ. ಮೊದಲ ಮೋಡ್‌ನಲ್ಲಿ ಎರಡನೇ ಮಹಡಿ 10 ಮಿಲಿಮೀಟರ್, ಒಂದನೇ ಮಹಡಿ 6 ಮಿಲಿಮೀಟರ್ ಸರಿಯುತ್ತದೆ. ವ್ಯತ್ಯಾಸ 4. ಎರಡನೇ ಮೋಡ್‌ನಲ್ಲಿ ಎರಡನೇ ಮಹಡಿ ಹಿಂದಕ್ಕೆ 2, ಒಂದನೇ ಮಹಡಿ ಮುಂದಕ್ಕೆ 3. ಇಲ್ಲಿ ವ್ಯತ್ಯಾಸ 5. ಸರಿಯಾದ ಡ್ರಿಫ್ಟ್ ಅಂದರೆ 4 ಮತ್ತು 5ರ ವರ್ಗ ಕೂಡಿಸಿ ಮೂಲ ತೆಗೆದದ್ದು, 6.4 ಮಿಲಿಮೀಟರ್.

ಈಗ ಟೇಬಲ್‌ನಿಂದ ತೆಗೆದವರು ಏನು ಮಾಡುತ್ತಾರೆ? ಎರಡನೇ ಮಹಡಿಯ ಒಟ್ಟು ಸರಿತ, 10 ಮತ್ತು 2ರಿಂದ, 10.2 ಅಂತ ಬಂದಿರುತ್ತದೆ. ಒಂದನೇ ಮಹಡಿಯದ್ದು, 6 ಮತ್ತು 3ರಿಂದ, 6.7. ಕಳೆದರೆ 3.5. ನಿಜ 6.4, ಕೈಗೆ ಬಂದದ್ದು 3.5. ಸುಮಾರು ಅರ್ಧ. ಅದೂ ಅಪಾಯದ ಕಡೆಗೆ ತಪ್ಪು.

ಹಾಗಾದರೆ ಏನು ಮಾಡಬೇಕು? ಈಟ್ಯಾಬ್ಸ್‌ನಲ್ಲಿ ಸ್ಟೋರಿ ಡ್ರಿಫ್ಟ್ಸ್, ಜಾಯಿಂಟ್ ಡ್ರಿಫ್ಟ್ಸ್ ಎಂಬ ಬೇರೆ ಟೇಬಲ್‌ಗಳಿವೆ. ಅವು ಮೋಡ್ ಮೋಡ್‌ಗೆ ವ್ಯತ್ಯಾಸ ತೆಗೆದು ಆಮೇಲೆ ಸೇರಿಸುತ್ತವೆ. ಡ್ರಿಫ್ಟ್ ಬೇಕಾದರೆ ಅದನ್ನೇ ತೆಗೆಯಿರಿ. ಸ್ಯಾಪ್2000ದಲ್ಲಿ ಮಹಡಿ ಎಂಬ ಕಲ್ಪನೆ ಅಷ್ಟು ಗಟ್ಟಿಯಾಗಿಲ್ಲ. ಅಲ್ಲಿ ಜನರಲೈಸ್ಡ್ ಡಿಸ್‌ಪ್ಲೇಸ್‌ಮೆಂಟ್ ಅಂತ ಡಿಫೈನ್ ಮಾಡಬಹುದು. ಮೇಲಿನ ಜಾಯಿಂಟ್‌ಗೆ 1, ಕೆಳಗಿನದಕ್ಕೆ ಮೈನಸ್ 1 ಅಂತ ಕೊಟ್ಟರೆ ಅದು ಪ್ರತಿ ಮೋಡ್‌ನಲ್ಲೂ ಕಳೆದು ಕೊನೆಗೆ ಸೇರಿಸುತ್ತದೆ. ಸ್ಟ್ಯಾಟಿಕ್ ಕೇಸ್‌ಗಳಲ್ಲಿ ಈ ತೊಂದರೆ ಇಲ್ಲ, ಎಕ್ಸೆಲ್‌ನಲ್ಲಿ ಧೈರ್ಯವಾಗಿ ಕಳೆಯಿರಿ.

ಇದರ ಜೊತೆ 2016ರ ಐಎಸ್ 1893ರ ಎರಡು ಮಾತು ನೆನಪಿಡಿ. ಡ್ರಿಫ್ಟ್ ನೋಡುವಾಗ ಲೋಡಿನ ಪಾರ್ಶಿಯಲ್ ಫ್ಯಾಕ್ಟರ್ 1.0. ಅಂದರೆ 1.5 ಪಟ್ಟು ಮಾಡಿದ ಕಾಂಬಿನೇಷನ್ ಟೇಬಲ್ ಇಲ್ಲಿ ಬೇಡ. ಹಾಗೆಯೇ, ಬೇಸ್ ಶಿಯರ್ (ಕಟ್ಟಡದ ಬುಡಕ್ಕೆ ಬರುವ ಒಟ್ಟು ಅಡ್ಡಬಲ) ಸಾಲಲಿಲ್ಲ ಅಂತ ಸ್ಪೆಕ್ಟ್ರಮ್ ಕೇಸನ್ನು ಸ್ಕೇಲ್ ಮಾಡುತ್ತೇವಲ್ಲ, ಆ ಸ್ಕೇಲ್ ಬಲಗಳಿಗೆ ಮಾತ್ರ. ಸರಿತಕ್ಕೆ ಅಲ್ಲ. ನಾನು ಎರಡು ಕೇಸ್ ಇಟ್ಟುಕೊಳ್ಳುತ್ತೇನೆ, ಒಂದು ಬಲಕ್ಕೆ, ಒಂದು ಸರಿತಕ್ಕೆ. ಹೆಸರಿನಲ್ಲೇ ವ್ಯತ್ಯಾಸ ಕಾಣುವ ಹಾಗೆ ಇಟ್ಟರೆ ಟೇಬಲ್‌ನಲ್ಲಿ ಟಿಕ್ ಹಾಕುವಾಗ ಗೊಂದಲ ಆಗುವುದಿಲ್ಲ.

ತಿರುಚುವಿಕೆಯ ಲೆಕ್ಕದಲ್ಲೂ ಒಂದು ಸೂಕ್ಷ್ಮ ಇದೆ. ಈಟ್ಯಾಬ್ಸ್‌ನ ಸಿದ್ಧ ಟೇಬಲ್ ಕೊಡುವುದು ಮಹಡಿಯ ಅತಿ ಹೆಚ್ಚು ಸರಿತವನ್ನು ಸರಾಸರಿಯಿಂದ ಭಾಗಿಸಿದ ಸಂಖ್ಯೆ. 2016ರ ಐಎಸ್ 1893 ಕೇಳುವುದು ಒಂದು ತುದಿಯ ಅತಿ ಹೆಚ್ಚು, ಇನ್ನೊಂದು ತುದಿಯ ಅತಿ ಕಡಿಮೆ ಇವುಗಳ ಅನುಪಾತ. ಅಲ್ಲಿ 1.5 ದಾಟಿದರೆ ಕಟ್ಟಡ ತಿರುಚುವ ಥರದ್ದು ಅಂತ ಲೆಕ್ಕ. ಆ 1.5 ಈಟ್ಯಾಬ್ಸ್ ಟೇಬಲ್‌ನಲ್ಲಿ 1.2 ಆಗಿ ಕಾಣುತ್ತದೆ. 15 ಮತ್ತು 10ರ ಸರಾಸರಿ 12.5, 15ನ್ನು 12.5ರಿಂದ ಭಾಗಿಸಿ ನೋಡಿ. ಟೇಬಲ್‌ನಲ್ಲಿ 1.3 ನೋಡಿ ‘1.5ರ ಒಳಗಿದೆ’ ಅಂತ ಬರೆದ ವರದಿಗಳು ಕಣ್ಣಿಗೆ ಬಿದ್ದಿವೆ. ಮೂಲೆಯ ಜಾಯಿಂಟ್‌ಗಳ ಸರಿತ ನೇರವಾಗಿ ತೆಗೆದು ನೀವೇ ಭಾಗಿಸುವುದು ಲೇಸು.

ಸ್ಟ್ಯಾಡ್ ಪ್ರೊ ಬಳಸುವವರಿಗೆ

ಸ್ಟ್ಯಾಡ್‌ನ ಚೆಂದ ಇರುವುದು ಅದರ ಟೆಕ್ಸ್ಟ್ ಫೈಲ್‌ನಲ್ಲಿ. ಇನ್‌ಪುಟ್ ಫೈಲ್‌ನ ಕೊನೆಗೆ ಪ್ರಿಂಟ್ ಜಾಯಿಂಟ್ ಡಿಸ್‌ಪ್ಲೇಸ್‌ಮೆಂಟ್ಸ್ ಎಂಬ ಆಜ್ಞೆ, ಜೊತೆಗೆ ಬೇಕಾದ ಜಾಯಿಂಟ್‌ಗಳ ಪಟ್ಟಿ ಬರೆದರೆ ಮುಗಿಯಿತು. ರನ್ ಆದಾಗಲೆಲ್ಲ ಔಟ್‌ಪುಟ್ ಫೈಲ್‌ನಲ್ಲಿ ಅದೇ ಜಾಗದಲ್ಲಿ ಅದೇ ರೂಪದಲ್ಲಿ ಬಂದು ಕೂರುತ್ತದೆ. ಮಾಡೆಲ್ ಬದಲಾದರೂ ಮತ್ತೆ ಕ್ಲಿಕ್ ಮಾಡುವ ಕೆಲಸ ಇಲ್ಲ. ಸಣ್ಣ ಶೆಡ್ಡುಗಳಿಗೆ ನನಗೆ ಇದಕ್ಕಿಂತ ಒಳ್ಳೆಯ ದಾರಿ ಕಂಡಿಲ್ಲ.

ಎರಡು ಎಚ್ಚರ ಬೇಕು. ಮೆಟ್ರಿಕ್‌ನಲ್ಲಿ ಕೆಲಸ ಮಾಡಿದಾಗ ಆ ಫೈಲ್‌ನಲ್ಲಿ ಸರಿತ ಬರುವುದು ಸೆಂಟಿಮೀಟರ್‌ನಲ್ಲಿ. ತಲೆಬರಹದಲ್ಲಿ ಸಿಎಂ ರೇಡಿಯನ್ಸ್ ಅಂತ ಇರುತ್ತದೆ, ಕಣ್ಣು ಅದನ್ನು ಹಾರಿಸುತ್ತದೆ. ಪೋಸ್ಟ್ ಪ್ರೊಸೆಸಿಂಗ್ ಟೇಬಲ್‌ನಲ್ಲಿ ಮಿಲಿಮೀಟರ್ ನೋಡಿ ಅಭ್ಯಾಸವಾದವರು ಇಲ್ಲಿ 3.1 ನೋಡಿ ‘ಮೂರೇ ಮಿಲಿಮೀಟರ್’ ಅಂದುಕೊಂಡರೆ, ನಿಜಕ್ಕೂ 31 ಮಿಲಿಮೀಟರ್ ಸರಿದಿರುತ್ತದೆ. ಗೋಡೆ ಕಟ್ಟಿದ ಶೆಡ್ಡಿಗೆ 25ರ ಮಿತಿ ದಾಟಿತು.

ಎರಡನೆಯದು ಅಕ್ಷ. ಸ್ಟ್ಯಾಡ್‌ನಲ್ಲಿ ಬೇರೆ ಹೇಳದಿದ್ದರೆ ವೈ ಮೇಲ್ಮುಖ. ಈಟ್ಯಾಬ್ಸ್, ಸ್ಯಾಪ್‌ನಲ್ಲಿ ಝಡ್ ಮೇಲ್ಮುಖ. ಒಂದೇ ಎಕ್ಸೆಲ್ ಹಾಳೆಯನ್ನು ಎರಡಕ್ಕೂ ಬಳಸುವ ಆಫೀಸು ಇದ್ದರೆ ಕಾಲಂ ಅದಲುಬದಲಾಗಿ ತುದಿಯ ವಾಲುವಿಕೆ ಅಂತ ಕಂಬದ ಕುಗ್ಗುವಿಕೆಯನ್ನು ಬರೆದಿರುತ್ತಾರೆ. ಅದು ಸಣ್ಣ ಸಂಖ್ಯೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಜಾಯಿಂಟ್ ಇಲ್ಲದ ಜಾಗ

ಶೆಡ್ಡಿನ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಜಾಯಿಂಟ್ ಟೇಬಲ್ ಹೇಳುವುದು ಜಾಯಿಂಟ್ ಇರುವ ಜಾಗದ ಸುದ್ದಿ ಮಾತ್ರ. 4 ಮೀಟರ್ ಪರ್ಲಿನ್ (ಶೀಟನ್ನು ಹೊರುವ ಅಡ್ಡ ಸ್ಟೀಲ್) ತಗೊಳ್ಳಿ. ಶೀಟಿನ ಮಾಡಿಗೆ 150ರಲ್ಲಿ ಒಂದು ಭಾಗ ಅಂದರೆ ಸುಮಾರು 27 ಮಿಲಿಮೀಟರ್ ಬಾಗಬಹುದು. ಬಾಗುವುದು ನಡುವಿನಲ್ಲಿ. ಆದರೆ ಜಾಯಿಂಟ್ ಇರುವುದು ಎರಡು ತುದಿಯಲ್ಲಿ. ಟೇಬಲ್ ಪೂರ್ತಿ ಹುಡುಕಿದರೂ ನಡುವಿನ ಸಂಖ್ಯೆ ಇರುವುದಿಲ್ಲ.

ಇದಕ್ಕೆ ಜಾಯಿಂಟ್ ದಾರಿಯೇ ಸರಿಯಲ್ಲ. ಸ್ಟ್ಯಾಡ್‌ನಲ್ಲಿ ಬೀಮ್ ರಿಲೇಟಿವ್ ಡಿಸ್‌ಪ್ಲೇಸ್‌ಮೆಂಟ್ ಟೇಬಲ್ ನೋಡಿ. ಸ್ಯಾಪ್, ಈಟ್ಯಾಬ್ಸ್‌ನಲ್ಲಿ ಮೆಂಬರ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫ್ಲೆಕ್ಷನ್ ನೋಡುವಾಗ, ತುದಿಗಳಿಗೆ ಹೋಲಿಸಿ ಎಷ್ಟು ಅಂತ ತೋರಿಸುವ ಆಯ್ಕೆ ಇದೆ. ಅದನ್ನು ಆರಿಸಿ. ಇಲ್ಲಾಂದ್ರೆ ಪರ್ಲಿನ್ ಕೂತ ರಾಫ್ಟರ್ ಎಷ್ಟು ಇಳಿಯಿತೋ ಅದೂ ಇದರ ಜೊತೆ ಸೇರಿ ಬರುತ್ತದೆ. ಪರ್ಲಿನ್‌ನ ನಡುವೆ ಒಂದು ಜಾಯಿಂಟ್ ಹಾಕಿಯೂ ಮಾಡಬಹುದು, ಆದರೆ ಮೂವತ್ತು ಪರ್ಲಿನ್‌ಗೆ ಯಾರು ಹಾಕುತ್ತಾರೆ?

ಎಪಿಐ: ಯಾವಾಗ ಬೇಕು, ಯಾವಾಗ ಬೇಡ

ಒಂದು ಕಟ್ಟಡ, ಒಂದು ಸಲ ರನ್, ಒಂದು ವರದಿ. ಇದಕ್ಕೆ ಎಪಿಐ ಬರೆಯುವುದು ಸುಮ್ನೆ ಶ್ರಮ. ಆದರೆ ಆರ್ಕಿಟೆಕ್ಟ್ ವಾರಕ್ಕೊಮ್ಮೆ ಕಂಬ ಒಳಗೆ ತಳ್ಳುತ್ತಾರೆ, ಗಲ್ಫಿನಲ್ಲಿರುವ ಮನೆಯವರು ಫೋನಿನಲ್ಲಿ ಇನ್ನೊಂದು ಮಹಡಿ ಸೇರಿಸುತ್ತಾರೆ ಅಂತಾದರೆ ಲೆಕ್ಕ ಬದಲಾಗುತ್ತದೆ. ಪ್ರತಿ ಸಲ ಟೇಬಲ್ ತೆರೆದು, ಟಿಕ್ ಹಾಕಿ, ಎಕ್ಸೆಲ್‌ಗೆ ತಂದು, ಮೂರನೇ ಸಾಲು ಅಳಿಸಿ ಮಾಡುವಾಗ ಎಲ್ಲೋ ಒಂದು ಕಡೆ ಹಳೇ ಹಾಳೆಯ ಸಂಖ್ಯೆ ಉಳಿದುಬಿಡುತ್ತದೆ. ಎಪಿಐಯ ನಿಜವಾದ ಲಾಭ ವೇಗ ಅಲ್ಲ, ಈ ಹಳೇ ಸಂಖ್ಯೆ ಉಳಿಯದಿರುವುದು.

ಸ್ಯಾಪ್ ಮತ್ತು ಈಟ್ಯಾಬ್ಸ್‌ನಲ್ಲಿ ಕೆಲಸ ಮಾಡುವ ಫಂಕ್ಷನ್‌ಗೆ ಜಾಯಿಂಟ್‌ಡಿಸ್ಪ್ಲ್ ಅಂತ ಹೆಸರು. ರಿಸಲ್ಟ್ಸ್ ಎಂಬ ಭಾಗದೊಳಗೆ ಇರುತ್ತದೆ. ಎಕ್ಸೆಲ್‌ನ ವಿಬಿಎಯಿಂದಲೂ ಕರೆಯಬಹುದು, ಪೈಥಾನ್‌ನಿಂದಲೂ ಕರೆಯಬಹುದು. ಪೈಥಾನ್ ಗೊತ್ತಿಲ್ಲ ಅಂತ ಹಿಂಜರಿಯಬೇಡಿ, ಎಕ್ಸೆಲ್ ಮ್ಯಾಕ್ರೋ ಬರೆದವರಿಗೆ ವಿಬಿಎ ಸಾಕು.

ಕ್ರಮ ತಪ್ಪಿದರೆ ಮಾತ್ರ ಕಾಡಿಸುತ್ತದೆ. ಓಡುತ್ತಿರುವ ಪ್ರೋಗ್ರಾಮಿಗೆ ಜೋಡಿಸಿಕೊಂಡ ಮೇಲೆ ಮೊದಲು ಯೂನಿಟ್ ಹೇಳಿ. ಎಪಿಐ ಕೊಡುವ ಸಂಖ್ಯೆ ಆ ಹೊತ್ತಿನ ಯೂನಿಟ್‌ನಲ್ಲೇ ಬರುತ್ತದೆ, ಟೇಬಲ್‌ನ ಹಾಗೆ ಯೂನಿಟ್ ಸಾಲು ಜೊತೆಗೆ ಬರುವುದಿಲ್ಲ. ಆಮೇಲೆ ಔಟ್‌ಪುಟ್‌ಗೆ ಆಯ್ದ ಎಲ್ಲ ಕೇಸ್, ಕಾಂಬೋಗಳನ್ನು ಒಮ್ಮೆ ಬಿಡಿಸಿ, ಬೇಕಾದವನ್ನು ಮಾತ್ರ ಹೆಸರು ಹೇಳಿ ಆರಿಸಿ. ಇದನ್ನು ಮರೆತವರಿಗೆ ಒಂದೋ ಏನೂ ಬರುವುದಿಲ್ಲ, ಅಥವಾ ಹಿಂದಿನ ಆಯ್ಕೆಯ ಕೇಸ್‌ಗಳ ರಾಶಿ ಬರುತ್ತದೆ.

ಈಗ ಫಂಕ್ಷನ್ ಕರೆಯಿರಿ. ಎರಡು ಸಂಗತಿ ಕೊಡಬೇಕು: ಹೆಸರು, ಮತ್ತು ಆ ಹೆಸರು ಯಾತರದ್ದು ಎಂಬ ಸಂಖ್ಯೆ. 0 ಕೊಟ್ಟರೆ ಒಂದು ಜಾಯಿಂಟ್, 2 ಕೊಟ್ಟರೆ ಗ್ರೂಪ್, 3 ಕೊಟ್ಟರೆ ಪರದೆಯಲ್ಲಿ ಸೆಲೆಕ್ಟ್ ಆದದ್ದು. ಟೇಬಲ್‌ಗೆ ಅಂತ ಮಾಡಿದ ಮೂಲೆ ಕಂಬಗಳ ಗ್ರೂಪ್ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಒಂದೇ ಕರೆಯಲ್ಲಿ ಎಲ್ಲ ಬಂತು. ಈಟ್ಯಾಬ್ಸ್‌ನಲ್ಲಿ ಜಾಯಿಂಟ್ ಹೆಸರು ಕೊಡುವುದಾದರೆ ಅದು ಯುನೀಕ್ ನೇಮ್ ಆಗಿರಬೇಕು. ಲೇಬಲ್ ಕೊಟ್ಟರೆ ಬೇರೆ ಯಾವುದೋ ಜಾಯಿಂಟ್‌ನ ಉತ್ತರ ಬರಬಹುದು, ಎರರ್ ಕೂಡ ತೋರಿಸದೆ.

ವಾಪಸ್ ಬರುವುದು ಒಂದು ಎಣಿಕೆ, ಜಾಯಿಂಟ್ ಹೆಸರು, ಕೇಸ್, ಸ್ಟೆಪ್, ಮತ್ತೆ ಮೂರು ಸರಿತ ಯು1ರಿಂದ ಯು3, ಮೂರು ತಿರುಗು ಆರ್1ರಿಂದ ಆರ್3. ಜೊತೆಗೆ ಒಂದು ರಿಟರ್ನ್ ಸಂಖ್ಯೆ. ಅದು 0 ಆಗಿದ್ದರೆ ಸರಿ. ಪೈಥಾನ್‌ನಲ್ಲಿ ಕಾಮ್‌ಟೈಪ್ಸ್ ಎಂಬ ಲೈಬ್ರರಿ ಮೂಲಕ ಕರೆದರೆ ಆ ಸಂಖ್ಯೆ ಪಟ್ಟಿಯ ಕೊನೆಗೆ ಇರುತ್ತದೆ, ಮೊದಲಿಗೆ ಅಲ್ಲ. ಎಣಿಕೆಯನ್ನೂ ನೋಡಿ. ಮಾಡೆಲ್ ಅನ್‌ಲಾಕ್ ಮಾಡಿದ ತಕ್ಷಣ ಫಲಿತಾಂಶ ಅಳಿಸಿಹೋಗುತ್ತದೆ. ಮತ್ತೆ ರನ್ ಮಾಡದೆ ಕರೆದರೆ ಕೈಗೆ ಬರುವುದು ಖಾಲಿ ಪಟ್ಟಿ.

ಯು1 ಅಂದರೆ ಎಕ್ಸ್ ದಿಕ್ಕು ಅಂತ ಕಣ್ಣು ಮುಚ್ಚಿ ನಂಬಬೇಡಿ. ಅವು ಜಾಯಿಂಟ್‌ನ ಲೋಕಲ್ ಅಕ್ಷಗಳು. ಮಾಮೂಲಿಯಾಗಿ ಎಕ್ಸ್, ವೈ, ಝಡ್ ಜೊತೆ ಒಂದೇ ಆಗಿರುತ್ತವೆ. ಓರೆ ಸೈಟಿನಲ್ಲಿ ಯಾರಾದರೂ ಸಪೋರ್ಟಿನ ಅಕ್ಷ ತಿರುಗಿಸಿದ್ದರೆ ಆ ಜಾಯಿಂಟ್ ಮಾತ್ರ ಬೇರೆ ದಿಕ್ಕಿನ ಸಂಖ್ಯೆ ಕೊಡುತ್ತದೆ.

ಸ್ಟ್ಯಾಡ್‌ಗೂ ಓಪನ್‌ಸ್ಟ್ಯಾಡ್ ಅಂತ ಎಪಿಐ ಇದೆ. ನೋಡ್ (ಜಾಯಿಂಟ್‌ನ ಇನ್ನೊಂದು ಹೆಸರು) ನಂಬರ್, ಲೋಡ್ ಕೇಸ್ ನಂಬರ್ ಕೊಟ್ಟರೆ ಆರು ಸಂಖ್ಯೆ ಕೊಡುತ್ತದೆ. ಯೂನಿಟ್ ನಿಮ್ಮ ಬೇಸ್ ಯೂನಿಟ್ ಮೇಲೆ ನಿಂತಿರುವುದರಿಂದ ಮೊದಲ ಸಲ ಒಂದು ನೋಡ್‌ನ ಉತ್ತರವನ್ನು ಟೇಬಲ್ ಜೊತೆ ಹೊಂದಿಸಿ ನೋಡಿ. ನನ್ನ ಮಟ್ಟಿಗೆ, ಟೆಕ್ಸ್ಟ್ ಔಟ್‌ಪುಟ್ ಇಷ್ಟು ಚೆನ್ನಾಗಿರುವಾಗ ಸ್ಟ್ಯಾಡ್‌ನಲ್ಲಿ ಎಪಿಐಗೆ ಹೋಗುವ ಅಗತ್ಯ ಬರುವುದು ಅಪರೂಪ.

ಉಚಿತ ಸಾಧನಗಳು

ಲೈಸೆನ್ಸ್ ಇಲ್ಲದ ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ಪೊವ್ವಲ್‌ನ ಇಂಜಿನಿಯರಿಂಗ್ ಕಾಲೇಜಿನವರಾಗಲಿ, ಮಂಗಳೂರಿಗೆ ಹೋಗಿ ಬರುವವರಾಗಲಿ, ಓಪನ್‌ಸೀಸ್ ಕಲಿಯಿರಿ ಅಂತ ಹೇಳುತ್ತೇನೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆದ ಸಾಧನ ಅದು. ಪೈಥಾನ್‌ನಿಂದಲೂ ಬಳಸಬಹುದು. ನೋಡ್‌ಡಿಸ್ಪ್ ಎಂಬ ಕರೆ ಆ ಕ್ಷಣದ ಸರಿತ ಕೊಡುತ್ತದೆ. ಪೂರ್ತಿ ಇತಿಹಾಸ ಬೇಕಾದರೆ ರೆಕಾರ್ಡರ್ ಹಾಕಬೇಕು, ಅದೂ ಅನಾಲಿಸಿಸ್ ಶುರುವಾಗುವ ಮೊದಲೇ. ಆಮೇಲೆ ಹಾಕಿದರೆ ಹಿಂದಿನದ್ದು ಸಿಗದು. ಯೂನಿಟ್ ಎಂಬ ಮಾತೇ ಅದಕ್ಕೆ ಗೊತ್ತಿಲ್ಲ, ನೀವು ಕೊಟ್ಟದ್ದರಲ್ಲೇ ವಾಪಸ್ ಕೊಡುತ್ತದೆ. ಭೂಕಂಪದ ದಾಖಲೆ ಹಾಕಿ ನೆಲವನ್ನೇ ಅಲುಗಿಸಿದಾಗ ಸಾಮಾನ್ಯ ವಿಧಾನದಲ್ಲಿ ಸಿಗುವುದು ನೆಲಕ್ಕೆ ಹೋಲಿಸಿದ ಸರಿತ, ಒಟ್ಟು ಸರಿತ ಅಲ್ಲ.

ಸಣ್ಣ ಟ್ರಸ್, ಪೋರ್ಟಲ್ ಫ್ರೇಮ್‌ಗೆ ಪೈನೈಟ್ ಎಂಬ ಪೈಥಾನ್ ಲೈಬ್ರರಿ ಸಾಕು. ನೋಡ್ ಹೆಸರು, ದಿಕ್ಕು, ಕಾಂಬಿನೇಷನ್ ಹೆಸರು ಹೇಳಿದರೆ ಸಂಖ್ಯೆ ಬಂತು. ನಾನು ಇದನ್ನು ಹೆಚ್ಚಾಗಿ ಬಳಸುವುದು ದೊಡ್ಡ ಸಾಫ್ಟ್‌ವೇರಿನ ಉತ್ತರವನ್ನು ಇನ್ನೊಂದು ಕಡೆಯಿಂದ ನೋಡಲು.

ಸಂಖ್ಯೆ ಸರಿ ಬಂದರೂ

ಹೇಗೆ ತೆಗೆದರೂ, ಮಾಡೆಲ್‌ನಲ್ಲಿ ಇಲ್ಲದ್ದು ಟೇಬಲ್‌ನಲ್ಲಿ ಬರುವುದಿಲ್ಲ. 2016ರ ಐಎಸ್ 1893 ಪ್ರಕಾರ ಕಾಂಕ್ರೀಟ್ ಕಂಬದ ಮೊಮೆಂಟ್ ಆಫ್ ಇನರ್ಷಿಯಾ (ಬಾಗದಂತೆ ತಡೆಯುವ ಗುಣದ ಅಳತೆ) 70 ಶೇಕಡಾ, ಬೀಮಿನದ್ದು 35 ಶೇಕಡಾ ಹಿಡಿಯಬೇಕು. ಹಿಡಿಯದಿದ್ದರೆ ಸರಿತ ಚೆಂದವಾಗಿ ಕಡಿಮೆ ಕಾಣುತ್ತದೆ.

ನಮ್ಮ ಪೇಟೆಗಳಲ್ಲಿ ಕೆಳಗೆ ಅಂಗಡಿಗೆ ಅಂತ ಗೋಡೆಯೇ ಇಲ್ಲದ ಕಂಬಗಳು, ಮೇಲೆ ಪೂರ್ತಿ ಮುರಕಲ್ಲಿನ ಗೋಡೆ. ಮುರಕಲ್ಲಿನ ತೂಕ ಮಾತ್ರ ಹಾಕಿ ಗಡಸುತನ ಹಾಕದ ಮಾಡೆಲ್‌ನಲ್ಲಿ ಎಲ್ಲ ಮಹಡಿಯೂ ಒಂದೇ ಸಮ ಸರಿದಂತೆ ಕಾಣುತ್ತದೆ. ಗೋಡೆಯನ್ನು ಓರೆ ಸ್ಟ್ರಟ್ (ಮೂಲೆಯಿಂದ ಮೂಲೆಗೆ ಊರುವ ಕೋಲು) ಆಗಿ ಹಾಕಿ ಮತ್ತೆ ರನ್ ಮಾಡಿ ನೋಡಿ. ಮೇಲಿನ ಮಹಡಿಗಳು ಒಂದೇ ತುಂಡಿನ ಹಾಗೆ ಚಲಿಸುತ್ತವೆ, ಸರಿತವೆಲ್ಲ ಕೆಳಗಿನ ಒಂದು ಮಹಡಿಯಲ್ಲಿ ಬಂದು ಸೇರುತ್ತದೆ. ಇಂಥ ಕಟ್ಟಡಕ್ಕೆ ಎರಡೂ ಮಾಡೆಲ್‌ನ ಮೂಲೆ ಜಾಯಿಂಟ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎಪಿಐ ಕಲಿತದ್ದು ಸಾರ್ಥಕ ಅನಿಸುವುದು ಇಲ್ಲಿ, ಯಾಕಂದ್ರೆ ಎರಡು ಮಾಡೆಲ್‌ಗೂ ಅದೇ ಕೋಡ್ ಓಡುತ್ತದೆ.

ಇನ್ನು ಸ್ಲ್ಯಾಬ್, ಬೀಮಿನ ಬಾಗುವಿಕೆ ಬೇಕಾದವರು ಈ ಟೇಬಲ್‌ನ ಸಂಖ್ಯೆಯನ್ನು ಐಎಸ್ 456ರ ಮಿತಿಗೆ ನೇರ ಹೋಲಿಸಬೇಡಿ. ಕ್ರೀಪ್ (ಲೋಡಿನಡಿ ನಿಧಾನಕ್ಕೆ ಹೆಚ್ಚುವ ಬಾಗು), ಶ್ರಿಂಕೇಜ್ (ಕಾಂಕ್ರೀಟ್ ಒಣಗಿ ಕುಗ್ಗುವುದು) ಸೇರಿದ ಮೇಲೆ ಅದು ಎಷ್ಟೋ ಜಾಸ್ತಿ ಆಗುತ್ತದೆ. ಅದರ ಲೆಕ್ಕ ಬೇರೆ.

ಯಾವ ದಾರಿಯಿಂದ ತೆಗೆದರೂ ವರದಿಗೆ ಹಚ್ಚುವ ಹಾಳೆಯ ಮೇಲೆ ಮಾಡೆಲ್ ಫೈಲ್‌ನ ಹೆಸರು, ರನ್ ಮಾಡಿದ ದಿನ, ಕೇಸ್, ಯೂನಿಟ್, ಬೀಮ್ ಮತ್ತು ಕಂಬಕ್ಕೆ ಹಿಡಿದ ಗಡಸುತನ ಇಷ್ಟನ್ನು ಬರೆದಿಡಿ. ಪ್ರೂಫ್ ಚೆಕ್ ಮಾಡುವವರು, ಅಂದರೆ ನಮ್ಮ ಲೆಕ್ಕವನ್ನು ಇನ್ನೊಮ್ಮೆ ಪರಿಶೀಲಿಸುವ ಇಂಜಿನಿಯರುಗಳು, ಮೊದಲು ಕೇಳುವುದು ಇದನ್ನೇ. ಆಮೇಲೆ ಅವರು ಒಂದು ಜಾಯಿಂಟ್ ಹೆಸರು ಹೇಳಿ ರೈಟ್ ಕ್ಲಿಕ್ ಮಾಡಿ ತೋರಿಸಿ ಅನ್ನುತ್ತಾರೆ.